ಪಾಸಾದವನ ಮನೆ

ಬೀದಿಯವರ ಬಾಯಲ್ಲಿ ಅಪ್ಪ ‘ಮಿಲ್ಟ್ರಿ’, ಮಗ ‘ತಕ್ಕಡಿ’. ಅಪ್ಪ ಇಪ್ಪತ್ತೆರಡು ವರ್ಷ ಫಿರಂಗಿಗೆ ಗುಂಡು ತುಂಬಿ, ಮೈಮೇಲೆ ಒಂದು ಗೀರೂ ಇಲ್ಲದೆ ಮನೆಗೆ ಬಂದವನು. ಮಗ ಒಂಬತ್ತನೇ ಕ್ಲಾಸಿನಲ್ಲಿ ಶಾಲೆಗೆ ಬೆನ್ನು ಹಾಕಿ ತೂಕದ ಯಂತ್ರ ರಿಪೇರಿ ಮಾಡುವ ಅಂಗಡಿ ಸೇರಿದವನು. ಒಬ್ಬನಿಗೆ ಐವತ್ತೆಂಟು, ಇನ್ನೊಬ್ಬನಿಗೆ ಇಪ್ಪತ್ತಮೂರು. ಒಂದೇ ಸೂರಿನಡಿ ಇದ್ದರೂ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಆ ಮನೆಯಲ್ಲಿ ಸದ್ದು ಮಾಡುವ ಹಾಗಿರಲಿಲ್ಲ. ಅಮ್ಮ ಕುಕ್ಕರನ್ನು ಅಟ್ಟಕ್ಕೆ ಹಾಕಿ ಎಷ್ಟೋ ವರ್ಷವಾಗಿತ್ತು. ಸೀಟಿ ಹೊಡೆಯುತ್ತದಲ್ಲ, ಅದಕ್ಕೆ. ಬೇಳೆಯನ್ನು ತೆರೆದ ಪಾತ್ರೆಯಲ್ಲೇ ಎರಡು ಗಂಟೆ ಬೇಯಿಸುತ್ತಿದ್ದಳು. ಜೋಡಿಸಿಟ್ಟ ತಟ್ಟೆಗಳ ನಡುವೆ ಬಟ್ಟೆ ಚೂರು. ಬಾಗಿಲ ಚೌಕಟ್ಟಿಗೆ ಟಯರ್ ಟ್ಯೂಬಿನ ಪಟ್ಟಿ. ಅಜ್ಜಿಗೆ ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಿ ಬರಬೇಕು. ಇಷ್ಟೆಲ್ಲ ಜೋಪಾನ ಮಾಡಿದರೂ ಯಾವತ್ತೋ ಒಂದು ಸೌಟು ಕೈಜಾರುತ್ತಿತ್ತು. ಆಗ ಅಪ್ಪನ ಕೈಯಲ್ಲಿ ಏನಿರುತ್ತದೋ ಅದು ಗೋಡೆಗೆ. ತಟ್ಟೆಯೋ, ಲೋಟವೋ, ಒಮ್ಮೆ ಇಸ್ತ್ರಿಪೆಟ್ಟಿಗೆ. ಆಮೇಲೆ ಹತ್ತು ನಿಮಿಷ ತಲೆ ಹಿಡಿದುಕೊಂಡು ಕೂತು, ಎದ್ದು, ಗೋಡೆ ನೋಡಿ ಕೇಳುತ್ತಿದ್ದ:

“ಇದ್ಯಾರು ಚೆಲ್ಲಿದ್ದು?”

“ಬೆಕ್ಕು ಕಣ್ರೀ,” ಅಮ್ಮ ನೆಲ ಒರೆಸುತ್ತಲೇ ಹೇಳುತ್ತಿದ್ದಳು.

ಆ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ತಕ್ಕಡಿಗೆ ಹದಿನಾಲ್ಕು ವರ್ಷವಾಗಿದ್ದಾಗ ಅಪ್ಪ ಒಮ್ಮೆ ಶಾಲೆಗೆ ಬಂದಿದ್ದ. ಪೋಷಕರ ಸಭೆ. ಗಣಿತದ ಮೇಷ್ಟ್ರು ಹುಡುಗನ ಬಗ್ಗೆ ಒಳ್ಳೆಯ ಮಾತನ್ನೇ ಆಡುತ್ತಿದ್ದರು. ಅಷ್ಟರಲ್ಲಿ ತಲೆಯ ಮೇಲೇ ಇದ್ದ ಗಂಟೆ ಬಡಿದುಕೊಂಡಿತು. ಮರುಕ್ಷಣ ಮೇಷ್ಟ್ರ ಕಾಲರ್ ಅಪ್ಪನ ಮುಷ್ಟಿಯಲ್ಲಿ, ಮೇಜು ತಲೆಕೆಳಗೆ. ಬಿಡಿಸಲು ಹೋದ ಮಗನ ಕೆನ್ನೆಗೆ ಬಿದ್ದ ಏಟಿಗೆ ಎರಡು ದಿನ ಕಿವಿ ಗುಂಯ್ ಅಂದಿತ್ತು. ಕಿಟಕಿ ತುಂಬ ಮಕ್ಕಳ ಮುಖ. ಮಾರನೆಯ ದಿನ ಹುಡುಗ ಚೀಲ ಹೆಗಲಿಗೇರಿಸಿ ಗೇಟಿನವರೆಗೆ ಹೋದ, ತಿರುಗಿ ಬಂದ. ಅಷ್ಟೇ. ‘ಹೋಗು’ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಅದನ್ನೂ ಬೆಕ್ಕಿನ ತಲೆಗೇ ಕಟ್ಟಿದವರಂತೆ ಎಲ್ಲರೂ ಬಾಯಿ ಹೊಲಿದುಕೊಂಡರು.

ಒಂಬತ್ತು ವರ್ಷದಿಂದ ಒಂದೇ ಪ್ರಶ್ನೆ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಅವತ್ತು ಹೊಡೆದದ್ದು ಅಪ್ಪನಾ, ಅಪ್ಪನ ತಲೆಯೊಳಗೆ ಕೂತ ಇನ್ನೇನೋನಾ?

ಆ ಚೀಟಿ ಕಣ್ಣಿಗೆ ಬಿದ್ದದ್ದು ದೊಡ್ಡಾಸ್ಪತ್ರೆಯಲ್ಲಿ. ಹಸುಗೂಸುಗಳನ್ನು ತೂಗುವ ಯಂತ್ರ ಕೆಟ್ಟಿದೆ, ಎಲ್ಲ ಮಗುವನ್ನೂ ದಪ್ಪ ತೋರಿಸುತ್ತಿದೆ ಎಂದು ಕರೆ ಬಂದಿತ್ತು. ಕೆಲಸ ಮುಗಿಸಿ ಬರುವಾಗ ಹಿಂಬದಿಯ ಓಣಿಯ ಗೋಡೆಗೆ ಅಂಟಿಸಿದ್ದರು: ‘ಸೇನೆಯಲ್ಲಿ ಫಿರಂಗಿ, ಸಿಡಿಮದ್ದುಗಳ ಹತ್ತಿರ ಕೆಲಸ ಮಾಡಿದವರು ಮೆದುಳಿನ ಪೆಟ್ಟಿನ ಸಂಶೋಧನೆಗೆ ಸ್ವಯಂಸೇವಕರಾಗಿ ಬೇಕಾಗಿದ್ದಾರೆ. ಹೊರಗೆ ಗಾಯ ಆಗಿರಲೇಬೇಕೆಂದಿಲ್ಲ.’ ಕೆಳಗೆ ಒಂದು ಪಟ್ಟಿ. ಸಣ್ಣ ಸದ್ದಿಗೆ ಸಿಡಿದೇಳುವುದು. ಮಾತಿನ ಮಧ್ಯೆ ಪದ ಮರೆಯುವುದು. ಪರಿಚಿತ ದಾರಿ ತಪ್ಪುವುದು. ತಲೆನೋವು. ಯಾರೋ ತಮ್ಮ ಮನೆಯ ಕಿಟಕಿಯಲ್ಲಿ ಇಣುಕಿ ನೋಡಿ ಬರೆದ ಹಾಗಿತ್ತು. ತಕ್ಕಡಿ ಆಚೆ ಈಚೆ ನೋಡಿ, ಗೋಡೆಯಿಂದ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಊಟದ ಹೊತ್ತಿಗೆ ಅಪ್ಪನ ತಟ್ಟೆಯ ಪಕ್ಕ ಇಟ್ಟ.

“ಏನಿದು?”

“ಓದಿ.”

ಅಪ್ಪ ಓದಿದ. ಬಗ್ಗಿ ನೋಡಿದ ಅಮ್ಮನ ಮುಖ ಸಣ್ಣಗಾಯಿತು. “ಇಲಿ, ಮೊಲ ಸಾಲಲಿಲ್ಲ ಅಂತ ಈಗ ಮನುಷ್ಯರನ್ನ ಕರೀತಿದಾರಾ? ಬೇಡಾರೀ.”

“ಇಲಿ ಹತ್ರ ಯಾರೂ ಸಹಿ ಹಾಕಿಸ್ಕೊಳಲ್ಲಮ್ಮಾ. ಇವರು ಒಪ್ಪಿಗೆ ಕೇಳ್ತಾರೆ. ಬೇಡ ಅನ್ಸಿದ್ರೆ ಬಿಟ್ಟು ಬರಬಹುದು. ಓದು, ಅಲ್ಲೇ ಬರ್ದಿದೆ.”

“ನನ್ನ ಮಗನ ತಲೆಗೇನೋ ಆಗಿರೋದು?” ಅಜ್ಜಿ ರೊಟ್ಟಿ ಮುರಿಯುತ್ತ ಗುಡುಗಿದಳು. “ಕಲ್ಲುಗುಂಡಿನಂಥ ತಲೆ. ಮಗು ಇದ್ದಾಗ ಹೊಸಿಲಿಗೆ ಬಿದ್ದ. ಹೊಸಿಲು ಸೀಳ್ತು, ಇವನ ತಲೆ ಸೀಳಲಿಲ್ಲ.”

“ಅದನ್ನೂ ಡಾಕ್ಟರ ಹತ್ರ ಹೇಳಜ್ಜಿ. ಎಲ್ಲಿಂದ ಶುರುವಾಯ್ತು ಅಂತ ಗೊತ್ತಾಗ್ಲಿ.”

“ನೋಡ್ದೇನೋ ನಿನ್ನ ಮಗನ ನಾಲಿಗೇನ!”

ಅಪ್ಪ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗಿಟ್ಟ. “ಸ್ವಯಂಸೇವಕರು ಅಂತ ಬರೆದಿದಾರೆ. ಒಂದು ಹೆಜ್ಜೆ ಮುಂದೆ ಬನ್ನಿ ಅಂದಾಗ ನಾನು ಯಾವತ್ತೂ ಹಿಂದೆ ನಿಂತವನಲ್ಲ. ಹೋಗ್ತೀನಿ.”

ಅಮ್ಮ ಬೇಳೆಯ ಪಾತ್ರೆಯನ್ನು ಸ್ವಲ್ಪ ಸದ್ದಾಗುವ ಹಾಗೆ ಇಟ್ಟಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ವಿರೋಧ ಇರಲಿಲ್ಲ.

ಸೋಮವಾರಕ್ಕೊಮ್ಮೆ ಹೋಗಬೇಕು. ಅಮ್ಮ ಸಿದ್ಧ ಉಡುಪಿನ ಅಂಗಡಿಗೆ ಗುಂಡಿ ಹೊಲಿದು ಕೊಡುವವಳು. ಸೋಮವಾರವೇ ಮೂಟೆ ಬರುವ ದಿನ. ತಕ್ಕಡಿಗೆ ಅಂಗಡಿ ಬಿಡಲು ಸಾಧ್ಯವಿರಲಿಲ್ಲ. ಅಪ್ಪನನ್ನು ಒಬ್ಬನನ್ನೇ ಕಳಿಸಿದರೆ ಹೋದವನು ಯಾವ ಊರಿನಲ್ಲಿ ಇಳಿಯುತ್ತಾನೋ ದೇವರಿಗೇ ಗೊತ್ತು. ಹಾಗಾಗಿ ಎಪ್ಪತ್ತೊಂಬತ್ತರ ಅಜ್ಜಿ ಐವತ್ತೆಂಟರ ಮಗನ ಕೈಹಿಡಿದು ಬಸ್ಸು ಹತ್ತಿದಳು.

“ಸೀಟು ಸಿಕ್ಕಿದ್ರೆ ಕಿಟಕಿ ಪಕ್ಕ ಅವರನ್ನ ಕೂರಿಸ್ಬೇಡಿ ಅತ್ತೆ, ಹಾರನ್ ಸದ್ದು,” ಅಮ್ಮ ಬಾಗಿಲಲ್ಲಿ ನಿಂತು ಕೂಗಿದಳು.

“ಇವನನ್ನ ಶಾಲೆಗೆ ಸೇರಿಸಿದ್ದೂ ನಾನೇ ಕಣೇ. ನಂಗೆ ಹೇಳ್ಕೊಡ್ಬೇಡ.”

ಅಲ್ಲಿ ಸಿಸ್ಟರ್ ಒಬ್ಬಳು ಪ್ರಶ್ನೆ ಕೇಳುತ್ತಾಳಂತೆ. ಹದಿನೈದು ಪದ ಓದಿ ಹೇಳಿ, ಒಪ್ಪಿಸು ಅನ್ನುತ್ತಾಳಂತೆ. ಅರ್ಧ ಗಂಟೆ ಬಿಟ್ಟು ಮತ್ತೆ ಒಪ್ಪಿಸಬೇಕಂತೆ. ದೀಪ ಮಿನುಗಿದಾಗ ಗುಂಡಿ ಒತ್ತಬೇಕು, ಒಂಟಿ ಕಾಲಲ್ಲಿ ನಿಲ್ಲಬೇಕು. ಹೊರಗೆ ಉದ್ದ ಬೆಂಚು. ಅದರ ತುಂಬ ಹಳೇ ಸೈನಿಕರು. ಮನೆಗೆ ಕಳಿಸಿದ್ದು ಒಂದು ಫಾರಂ: ಜೊತೆಗಿರುವವರು ವಾರ ವಾರ ತುಂಬಬೇಕು. ಎಷ್ಟು ಸಲ ಸಿಟ್ಟು ಬಂತು, ಎಷ್ಟು ಸಲ ಮರೆತರು, ನಿದ್ದೆ ಹೇಗೆ, ಹೀಗೆ ಇಪ್ಪತ್ತು ಪ್ರಶ್ನೆ. ಅಮ್ಮ ಅದನ್ನು ಗುಂಡಿಯ ಡಬ್ಬಿಯ ಕೆಳಗೆ ಇಟ್ಟುಕೊಂಡು ಭಾನುವಾರ ಸಂಜೆ ತುಂಬುತ್ತಿದ್ದಳು. ಏನು ತುಂಬುತ್ತಾಳೆ ಎಂದು ತಕ್ಕಡಿ ನೋಡಲು ಹೋಗಲಿಲ್ಲ. ಕಣ್ಣೆದುರು ಗೋಡೆಯ ಮೇಲೆ ಕಲೆಗಳಿವೆ, ನೋಡಿ ಬರೆದರೆ ಸಾಕಲ್ಲ!

ಒಂದು ಮಾತ್ರ ವಿಚಿತ್ರವಾಗಿತ್ತು. ಅಜ್ಜಿ ಮತ್ತು ಅಪ್ಪನಿಗೆ ಇದ್ದಕ್ಕಿದ್ದಂತೆ ಬಟಾಣಿ ಸುಲಿಯುವ ಹುಚ್ಚು ಹಿಡಿದಿತ್ತು. ಬೆಳಗ್ಗೆ ಹಿತ್ತಲಿನಲ್ಲಿ ಎದುರುಬದುರು ಕೂತು ಗುಣುಗುಣು. ತಕ್ಕಡಿ ಹಲ್ಲುಜ್ಜಲು ಹೋದರೆ ಇಬ್ಬರೂ ಬಾಯಿ ಮುಚ್ಚುತ್ತಿದ್ದರು. ಮುದುಕಿ ಮಗನಿಗೆ ಯಾವುದೋ ಮಂತ್ರ ಹೇಳಿಕೊಡುತ್ತಿದ್ದಾಳೆ ಅಂದುಕೊಂಡ.

ಆರನೇ ವಾರ ಕಾಗದ ಬಂತು.

ತಕ್ಕಡಿ ಕೆಲಸ ಮುಗಿಸಿ ಬರುವಾಗ ಮನೆಯಲ್ಲಿ ಪಾಯಸದ ಘಮ. ಅಜ್ಜಿ ಪಕ್ಕದ ಮನೆಗೆ ಸಕ್ಕರೆ ಹಂಚಿ ಬಂದಿದ್ದಳು. “ಬಾರೋ ತಕ್ಕಡಿ, ನಿಮ್ಮಪ್ಪ ಪಾಸು! ಫಸ್ಟ್ ಕ್ಲಾಸು!”

ಅವನು ಕಾಗದ ಓದಿದ. ‘ನೆನಪಿನ ಪರೀಕ್ಷೆ ಹಾಗೂ ಮನೆಯವರ ಹೇಳಿಕೆ ಎರಡರಲ್ಲೂ ಯಾವುದೇ ತೊಂದರೆ ಕಂಡುಬಂದಿಲ್ಲ. ಮೆದುಳಿಗೆ ಪೆಟ್ಟಾದವರ ಗುಂಪಿಗೆ ತಾವು ಹೊಂದುವುದಿಲ್ಲ. ತಮ್ಮನ್ನು ಆರೋಗ್ಯವಂತರ ಗುಂಪಿಗೆ ಸೇರಿಸಲು ಸಂತೋಷಪಡುತ್ತೇವೆ.’ ಎರಡು ಸಲ ಓದಿದ. ಸಂತೋಷ ಅಂತೆ ಸಂತೋಷ.

“ಕೂತ್ಕೋ, ಪಾಯಸ ಆರ್ತಿದೆ,” ಅಂದಳು ಅಮ್ಮ.

ಅವನು ಕೂರಲಿಲ್ಲ. ಯಾವತ್ತೂ ಅಪ್ಪನಿಗೆ ‘ನೀವು’ ಅನ್ನುತ್ತಿದ್ದವನು. “ನಿನ್ನ ತಲೆ ಸರಿಯಾಗೇ ಇದೆಯಂತೆ.”

“ಏಯ್, ಅಪ್ಪನಿಗೆ ಹಾಗಂತೀಯೇನೋ?” ಅಜ್ಜಿ ಬೆಚ್ಚಿದಳು.

“ಸರಿಯಾಗೇ ಇದ್ರೆ, ಸರಿಯಾಗಿದ್ದೇ ಹೊಡೆದ್ಯಾ? ಇಸ್ತ್ರಿಪೆಟ್ಟಿಗೆ ಗೋಡೆಗೆ ಎಸೆದದ್ದು, ಮೇಷ್ಟ್ರ ಕಾಲರ್ ಹಿಡಿದದ್ದು, ಅಷ್ಟು ಮಕ್ಕಳ ಎದುರಿಗೆ ನನ್ನ ಕಪಾಳಕ್ಕೆ ಬಾರಿಸಿದ್ದು, ಎಲ್ಲಾ ಒಳ್ಳೇ ಆರೋಗ್ಯದಲ್ಲಿ ಮಾಡಿದ್ದಾ? ಹಾಗಾದ್ರೆ ನಿನಗೆ ಕಾಯಿಲೆ ಇಲ್ಲ. ನೀನು ಬರೀ ಕೆಟ್ಟವನು ಅಷ್ಟೇ!”

ಅಮ್ಮನ ಕೈಯಿಂದ ಸೌಟು ಜಾರಿ ನೆಲಕ್ಕೆ ಬಿತ್ತು. ಎಲ್ಲರೂ ಅಪ್ಪನ ಕಡೆ ನೋಡಿದರು.

ಅಪ್ಪನ ಕೈ ಪಾಯಸದ ಬಟ್ಟಲ ಮೇಲಿತ್ತು. ಬೆರಳ ಗೆಣ್ಣುಗಳು ಬೆಳ್ಳಗಾದವು. ಅವನು ಬಟ್ಟಲನ್ನು ಬಿಡಲಿಲ್ಲ, ಎಸೆಯಲೂ ಇಲ್ಲ. ಎದ್ದು, ತೊಳೆಯುವ ಕಲ್ಲಿನ ಮೇಲಿಟ್ಟು, ಹಿತ್ತಲಿಗೆ ಹೋದ.

“ಸುಮ್ನಿರೋ ಪಾಪಿ!” ಅಜ್ಜಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. “ತಲೆ ಕೆಟ್ಟಿದ್ರೆ ನಾನು ಹೇಳಿಕೊಟ್ಟ ಹದಿನೈದನ್ನೂ ಹಾಗೆ ಒಪ್ಪಿಸ್ತಿದ್ನಾ? ಕೊಡೆ, ಕುದುರೆ, ನಿಂಬೆಹಣ್ಣು, ಏಣಿ, ಕಂಬಳಿ…”

ತಕ್ಕಡಿ ಅಜ್ಜಿಯ ಮುಖ ನೋಡಿದ. “ಏನಂದೆ? ಅದು ನಿಂಗೆ ಹೇಗೆ ಗೊತ್ತು?”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದಲ್ಲ, ಮೂರು ಪಟ್ಟಿ ಇದೆ. ಒಳಗೆ ಹೋಗಿ ಬಂದವರು ಬೆಂಚಲ್ಲಿ ಕೂತವರಿಗೆ ಹೇಳ್ತಾರೆ. ಅವರು ಸೇನೇಲಿ ಇದ್ದಾಗಿಂದಲೂ ಹಾಗೇ ಅಂತಪ್ಪ. ಕಣ್ಣಿನ ಪರೀಕ್ಷೆಗೆ ಸಾಲಲ್ಲಿ ನಿಂತಾಗ ಮುಂದಿನವನು ಗೋಡೇಲಿದ್ದ ಅಕ್ಷರ ಎಲ್ಲಾ ಹಿಂದಿನವನ ಕಿವೀಲಿ ಹೇಳಿಬಿಡೋದು. ಇಲ್ಲಾಂದ್ರೆ ದಳದಿಂದ ತೆಗೆದು ಕಚೇರಿ ಮೂಲೇಲಿ ಕೂರಿಸ್ತಿದ್ರಂತೆ. ಇವನಿಗೆ ತಲೇಲಿ ನಿಲ್ಲಲ್ಲ, ನಂಗೆ ಒಮ್ಮೆ ಕೇಳಿದ್ರೆ ಸಾಕು. ನಾನು ತಲೇಲಿಟ್ಕೊಂಡು ಬಂದು ಬಟಾಣಿ ಸುಲೀತಾ ಬಾಯಿಪಾಠ ಮಾಡಿಸ್ದೆ. ಮಗ ಫೇಲಾಗೋದನ್ನ ಯಾವ ತಾಯಿ ನೋಡ್ಕೊಂಡು ಕೂರ್ತಾಳೆ?”

“ಅಯ್ಯೋ ಅಜ್ಜೀ, ಅದು ಪಾಸಾಗೋ ಪರೀಕ್ಷೆ ಅಲ್ವೇ! ತಲೇಲಿ ಏನಾಗಿದೆ ಅಂತ ನೋಡೋದು!” ಅವನು ಅಮ್ಮನ ಕಡೆ ತಿರುಗಿದ. “ಆ ಫಾರಂ? ಅದರಲ್ಲಿ ಏನು ಬರ್ದೆ?”

ಅಮ್ಮ ಸೌಟು ಹೆಕ್ಕಿ ಒರೆಸುತ್ತ ನಿಂತಿದ್ದಳು. “ಎಲ್ಲಾದಕ್ಕೂ ‘ಇಲ್ಲ’ ಅಂತ ಬರ್ದೆ.”

“ಎಲ್ಲಾದಕ್ಕೂ?”

“ಮತ್ತೇನೋ, ಕಂಡೋರ ಮುಂದೆ ಗಂಡ ತಟ್ಟೆ ಎಸೀತಾನೆ ಅಂತ ಬರ್ದುಕೊಡ್ಲಾ? ಮನೆ ಅಂದ್ಮೇಲೆ ಮಾನ ಬೇಡ್ವಾ?”

“ಮಾನ! ನಮ್ಮ ಅಂಗಡಿಗೆ ಬರೋ ವ್ಯಾಪಾರಿಗಳೂ ನಿನ್ ಥರಾನೇ ಅಮ್ಮಾ. ವರ್ಷವಿಡೀ ತೂಕ ತಪ್ಪು, ತಪಾಸಣೆ ದಿನ ಮಾತ್ರ ಒರೆಸಿ, ತಿರುವಿ, ಸರಿ ಮಾಡಿ ಇಡ್ತಾರೆ. ಅವರಾದ್ರೂ ಗಿರಾಕಿಗೆ ಮೋಸ ಮಾಡ್ತಾರೆ. ನೀವು ನಿಮಗೇ ಮಾಡ್ಕೊಂಡ್ರಲ್ಲ!”

ಪಾಯಸವನ್ನು ಅವತ್ತು ಯಾರೂ ತಿನ್ನಲಿಲ್ಲ.

ಮಾರನೆಯ ದಿನ ಒಂದು ಖಾಲಿ ಫಾರಂ ಅಂಗಡಿಗೆ ಒಯ್ದು, ಬುತ್ತಿ ಬಿಚ್ಚದೆ, ಇಪ್ಪತ್ತು ಪ್ರಶ್ನೆಗೂ ಉತ್ತರ ಬರೆದ. ಒಂಬತ್ತು ವರ್ಷದಿಂದ ಸಾಮಾನಿನ ಪಟ್ಟಿ ಬಿಟ್ಟು ಬೇರೇನನ್ನೂ ಬರೆಯದ ಕೈ. ಪೆನ್ನು ಹಾಳೆಯನ್ನು ಎರಡು ಕಡೆ ಹರಿಯಿತು. ಶಾಲೆಯ ಸಂಗತಿ ಬರೆಯಲು ಜಾಗ ಸಾಲದೆ ಹಿಂಬದಿಗೆ ಹೋದ. ಬರೆದಾದ ಮೇಲೆ ಅಮ್ಮನಿಗೆ ಫೋನು ಮಾಡಿ, ಬರೆದಿದ್ದೇನೆ ಅಂದ.

ಸಂಜೆ ಅಪ್ಪ ಬಾಗಿಲಲ್ಲೇ ಕೂತಿದ್ದ. “ನಿಮ್ಮಮ್ಮ ಹೇಳಿದ್ಲು. ಬರ್ದಿದ್ದೀಯಂತೆ. ಕೊಡು ಇಲ್ಲಿ.”

ಕೊಟ್ಟ. ಹರಿದು ಹಾಕಿದರೆ ಇನ್ನೊಂದು ಬರೆಯುತ್ತೇನೆ, ಅದನ್ನೂ ಹರಿದರೆ ಗೋಡೆಯ ಮೇಲೆ ಬರೆಯುತ್ತೇನೆ ಎಂದು ಹಲ್ಲು ಕಚ್ಚಿ ನಿಂತ. ಅಪ್ಪ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಸಾಲು ಓದಿದ. ಹಿಂಬದಿ ತಿರುಗಿಸಿ ಅದನ್ನೂ ಓದಿದ. ಅಡುಗೆಮನೆಯಲ್ಲಿ ಅಮ್ಮ ಉಸಿರು ಬಿಡುವ ಸದ್ದು ಕೇಳುತ್ತಿತ್ತು.

“ಏಳನೇದು ತಪ್ಪು,” ಅಂದ ಅಪ್ಪ.

“ಏನು ತಪ್ಪು? ಕಣ್ಣಾರೆ ಕಂಡಿದ್ದು ಬರ್ದಿದ್ದೀನಿ.”

“ಸಿಟ್ಟು ವಾರಕ್ಕೊಂದು ಸಲ ಅಂತ ಬರ್ದಿದ್ದೀಯ. ದಿನಾ ಅಂತ ಮಾಡು. ದಿನಕ್ಕೆ ಹತ್ತು ಸಲ ಬರುತ್ತೆ. ಒಂಬತ್ತು ನುಂಗ್ತೀನಿ.” ಬೆರಳು ಕೆಳಗೆ ಸರಿಯಿತು. “ದಾರಿ ತಪ್ಪೋದು ಎರಡು ಸಲ ಅಲ್ಲ. ನಿಮಗೆ ಗೊತ್ತಾಗಿದ್ದು ಎರಡು. ಮಿಕ್ಕ ಸಲ ಎಲ್ಲಾದ್ರೂ ಕೂತ್ಬಿಡ್ತೀನಿ. ಗುರುತಿನವರು ಯಾರಾದ್ರೂ ಹಾದು ಹೋದ್ರೆ ಅವರ ಹಿಂದೆ ಬರ್ತೀನಿ. ಒಂದ್ಸಲ ಹಾಲಿನವನ ಹಿಂದೆ ಬಂದು ಅವನ ಮನೆಗೇ ಹೋಗಿದ್ದೆ.”

ಬಾಗಿಲ ಹಿಂದಿನಿಂದ ಅಜ್ಜಿ ಕೇಳಿದಳು: “ಹಾಲಿನವ ಟೀ ಆದ್ರೂ ಕೊಟ್ನೇನೋ?”

“ಕೊಟ್ಟ ಕಣವ್ವಾ.”

“ಮತ್ತೆ ನಮಗೆ ಯಾಕ್ರೀ ಹೇಳ್ಲಿಲ್ಲ?” ಅಮ್ಮ ಹೊರಗೆ ಬಂದಿದ್ದಳು.

“ನೀನು ಬೆಕ್ಕು ಅಂದಾಗೆಲ್ಲಾ ನಾನು ಹೂಂ ಅಂದೆ. ನಮ್ಮನೇಲಿ ಬೆಕ್ಕಿಲ್ಲ ಅಂತ ನಂಗೆ ಗೊತ್ತಿಲ್ವೇನೇ?” ಅಪ್ಪ ಪೆನ್ನಿಗೆ ಕೈ ಚಾಚಿದ. “ನೀನು ನನ್ನ ಮಾನ ಕಾಯ್ತಿದ್ದೆ, ನಾನು ನಿನ್ನ ಮಾನ ಕಾಯ್ದೆ. ಸೋಮವಾರ ನಾನೇ ಹೋಗಿ ಹೇಳ್ತೀನಿ. ಇವನು ಬರ್ಲಿ ಜೊತೆಗೆ.”

ಸೋಮವಾರ ಬೆಂಚು ತುಂಬಿತ್ತು. ಡಾಕ್ಟರಮ್ಮ ಕಡತ ಹಿಡಿದು ಬರುವಾಗ ಅಪ್ಪ ಎದ್ದು ನೆಟ್ಟಗೆ ನಿಂತ. “ಮೇಡಂ, ನಾನು ಪದಗಳನ್ನ ಮನೇಲಿ ನಮ್ಮವ್ವನ ಹತ್ರ ಹೇಳಿಸ್ಕೊಂಡು ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಫಾರಂ ಕೂಡ ಸುಳ್ಳು. ಇದು ನಿಜದ್ದು.”

ಡಾಕ್ಟರಮ್ಮ ಫಾರಂ ನೋಡಿದರು, ಅಪ್ಪನನ್ನು ನೋಡಿದರು, ಬೆಂಚಿನ ಮೇಲೆ ಸಾಲಾಗಿ ತಲೆ ತಗ್ಗಿಸಿದ್ದವರನ್ನು ನೋಡಿದರು. “ಇಲ್ಲಿ ಇನ್ನೂ ಯಾರ್ಯಾರಿಗೆ ಪದಗಳು ಗೊತ್ತು?”

ಯಾರೂ ಅಲ್ಲಾಡಲಿಲ್ಲ. ಆಮೇಲೆ ಅಪ್ಪನ ಜೊತೆ ಒಂದೇ ಫಿರಂಗಿಯಲ್ಲಿದ್ದ ಬೋಳುತಲೆಯವ ಮೆಲ್ಲಗೆ ಕೈ ಎತ್ತಿದ. ಇನ್ನೊಂದು ಕೈ. ಮತ್ತೊಂದು. ಹನ್ನೊಂದು ಕೈ ಮೇಲೆದ್ದವು. ಬೆಂಚಿನಲ್ಲಿದ್ದದ್ದೇ ಹನ್ನೊಂದು ಜನ.

“ಎರಡು ವರ್ಷದ ಕೆಲಸ,” ಡಾಕ್ಟರಮ್ಮ ಬೆಂಚಿನ ತುದಿಯಲ್ಲಿ ಕುಸಿದು ಕೂತರು. “ಪುಣ್ಯಾತ್ಮರಾ, ಯಾಕೆ?”

“ಹಿಂದಿನವನಿಗೆ ಹೇಳ್ದೇ ಇರೋಕಾಗುತ್ತಾ ಮೇಡಂ?” ಬೋಳುತಲೆಯವ ನಿಜಕ್ಕೂ ಅರ್ಥವಾಗದವನಂತೆ ಕೇಳಿದ.

ಅವರು ಬೈಯುತ್ತಾರೆ ಎಂದು ತಕ್ಕಡಿ ಕಾದ. ಅವರು ನಗಲು ಶುರು ಮಾಡಿದರು. ನಗುತ್ತಲೇ ಕಣ್ಣೊರೆಸಿಕೊಂಡರು. “ಫಿರಂಗಿ ಪಕ್ಕ ಇಪ್ಪತ್ತು ವರ್ಷ ನಿಂತವರಿಗೆಲ್ಲ ಇಷ್ಟೊಂದು ಒಳ್ಳೇ ನೆನಪು ಹೇಗೆ ಅಂತ ನಾವು ತಲೆ ಕೆರ್ಕೊಳ್ತಾ ಇದ್ವಿ. ಸದ್ಯ, ಇವತ್ತಾದ್ರೂ ಗೊತ್ತಾಯ್ತು. ಹೊಸ ಪಟ್ಟಿ ಮಾಡ್ತೀವಿ. ಎಲ್ಲಾ ಮೊದಲಿಂದ. ಮತ್ತೆ ಆ ಅಜ್ಜೀನ ದಯವಿಟ್ಟು ಮನೇಲೇ ಬಿಟ್ಟು ಬನ್ನಿ.”

ಎರಡು ವಾರದ ಮೇಲೆ ಸ್ಕ್ಯಾನ್ ಇತ್ತು. ಕೊಳವೆಯಂಥ ಯಂತ್ರದೊಳಗೆ ಮಲಗಿಸುತ್ತಾರೆ, ದಡಬಡ ಸದ್ದಾಗುತ್ತದೆ, ಬೇಕಿದ್ದರೆ ಮನೆಯವರೊಬ್ಬರು ಹತ್ತಿರ ನಿಲ್ಲಬಹುದು ಅಂದಳು ಸಿಸ್ಟರ್. ಕಬ್ಬಿಣದ ಚೂರೂ ಒಳಗೆ ಬರಬಾರದು. ತಕ್ಕಡಿಯ ಜೇಬಿನಿಂದ ಸ್ಪ್ರಿಂಗು, ಸ್ಕ್ರೂ, ಐವತ್ತು ಗ್ರಾಮಿನ ತೂಕದ ಬಟ್ಟು ಒಂದೊಂದಾಗಿ ಹೊರಬಂದವು. “ಅಂಗಡೀನೇ ತಂದಿದ್ದೀರಲ್ಲ,” ಅಂದಳು ಸಿಸ್ಟರ್. ಕೊನೆಗೆ ಆಸ್ಪತ್ರೆಯ ನಿಲುವಂಗಿ ಹಾಕಿಸಿ ಒಳಗೆ ಬಿಟ್ಟಳು. “ಹೆದರಿಕೆ ಆಗದ ಹಾಗೆ ಕಾಲು ಹಿಡ್ಕೊಂಡಿರಿ.”

ಈ ಮನೆಯಲ್ಲಿ ಯಾರು ಯಾರ ಕಾಲು ಹಿಡಿಯಬೇಕು, ಯಾರು ಹಿಡಿಯುತ್ತಿದ್ದಾರೆ! ಅವನು ಬೇಕೋ ಬೇಡವೋ ಎಂಬಂತೆ ಪಾದದ ಮೇಲೆ ಕೈಯಿಟ್ಟ.

ಯಂತ್ರ ಗುಡುಗಿತು. ಅಪ್ಪನ ಪಾದ ಒಂದೇಟಿಗೆ ಮರದ ತುಂಡಾಯಿತು. ಪ್ರತಿ ಸದ್ದಿಗೂ ಬೆರಳುಗಳು ಒಳಮುಖವಾಗಿ ಮಡಚಿಕೊಂಡವು. ಮೀನಖಂಡದಲ್ಲಿ ಒಂದು ನಡುಕ ಹುಟ್ಟಿ ಹಿಮ್ಮಡಿಗೆ ಇಳಿಯುತ್ತಿತ್ತು. ಅದು ತೀರುವ ಮೊದಲೇ ಮತ್ತೊಂದು ಸದ್ದು. ಅಪ್ಪನ ಕೈಯಲ್ಲಿ ರಬ್ಬರಿನ ಬುಗ್ಗೆ ಕೊಟ್ಟಿದ್ದರು. ಒತ್ತಿದರೆ ತಕ್ಷಣ ಹೊರಗೆಳೆಯುತ್ತಾರೆ. ಅಪ್ಪ ಒತ್ತಲಿಲ್ಲ. ನಲವತ್ತು ನಿಮಿಷ ಒತ್ತಲಿಲ್ಲ. ತಕ್ಕಡಿ ಯಾವಾಗ ಎರಡೂ ಕೈಯಿಂದ ಆ ಕಾಲನ್ನು ಅವುಚಿ ಹಿಡಿದನೋ ಅವನಿಗೇ ಗೊತ್ತಾಗಲಿಲ್ಲ. ಇದನ್ನೇ ಇಪ್ಪತ್ತೆರಡು ವರ್ಷ, ಇದರ ನೂರು ಪಟ್ಟು, ಒಂದು ಗೇಣು ದೂರದಲ್ಲಿ ನಿಂತು ತಿಂದವನು. ಇಂಥವನ ಮುಂದೆ ಮನೆಯವರು ಸೌಟಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಒಬ್ಬರಾದರೂ ಡಾಕ್ಟರ ಬಾಗಿಲು ತಟ್ಟಲಿಲ್ಲ. ಅವನಿಗೆ ಮತ್ತೆ ಸಿಟ್ಟು ಬಂತು. ಆದರೆ ಈ ಸಲ ಅದು ಅಪ್ಪನ ಮೇಲಲ್ಲ.

ಹೊರಗೆ ಬಂದಾಗ ಅಪ್ಪನ ಅಂಗಿ ಬೆವರಿಗೆ ಒದ್ದೆಮುದ್ದೆ. “ಕಾಲು ಯಾಕೋ ಇಷ್ಟು ಗಟ್ಟಿಯಾಗಿ ಹಿಡಿದಿದ್ದೆ? ಮರಗಟ್ಟಿದೆ ನೋಡು,” ಅಂದ.

“ಓಡಿ ಹೋಗ್ತೀರೇನೋ ಅಂತ.” ಬಾಯಿಗೆ ‘ನೀವು’ ತಾನಾಗಿಯೇ ವಾಪಸು ಬಂದಿತ್ತು.

ಇನ್ನೂ ಮೂರು ವಾರ ಕಳೆದು ಡಾಕ್ಟರಮ್ಮ ಇಬ್ಬರನ್ನೂ ಕರೆಸಿದರು. ಈ ವಾರಗಳಲ್ಲಿ ಮನೆಯಲ್ಲಿ ಒಂದು ಲೋಟ ಒಡೆದಿತ್ತು. ಅಮ್ಮ ನೆಲ ಒರೆಸಿ, “ನೀವೇ ಕಣ್ರೀ ಒಡೆದಿದ್ದು,” ಅಂದಿದ್ದಳು. ಅಪ್ಪ, “ಗೊತ್ತು, ಪೊರಕೆ ಕೊಡು,” ಅಂದಿದ್ದ. ಅಷ್ಟು ಹೇಳಲು ಅವರಿಗೆ ಇಷ್ಟು ವರ್ಷ ಬೇಕಾಯಿತು.

ಡಾಕ್ಟರಮ್ಮ ಪರದೆಯ ಮೇಲೆ ಚಿತ್ರ ತೋರಿಸಿದರು. “ಹದಿನೈದು ಪದದಲ್ಲಿ ಈ ಸಲ ಆರು. ಪೆಟ್ಟಿನ ಗುರುತು ಇಲ್ಲಿದೆ, ಇಲ್ಲೂ ಇದೆ. ಗುಂಡು ತಾಗಬೇಕಂತಿಲ್ಲ, ಸಾವಿರಾರು ಸಲ ಗಾಳಿ ಬಡಿದ್ರೂ ಸಾಕು ಅನ್ನೋದೇ ನಮ್ಮ ಅನುಮಾನ. ಆದ್ರೆ ಒಂದು ಸಮಾಧಾನದ ಮಾತು. ದಿನದಿಂದ ದಿನಕ್ಕೆ ತಿನ್ನುತ್ತಾ ಹೋಗೋ ಮರೆವಿನ ಕಾಯಿಲೆ ಥರ ಇದು ಕಾಣ್ತಿಲ್ಲ. ಕಿವಿ ಅರ್ಧ ಹೋಗಿದೆ, ಅದಕ್ಕೆ ಯಂತ್ರ ಇದೆ. ನಿದ್ದೇಲಿ ಉಸಿರು ಕಟ್ಟುತ್ತೆ, ಅದಕ್ಕೂ ಇದೆ. ಇವೆರಡು ಸರಿ ಹೋದ್ರೆ ತಲೆನೋವು, ಸಿಡುಕು ಎಷ್ಟೋ ಇಳಿಯುತ್ತೆ. ನಮ್ಮ ಇನ್ನೊಬ್ಬರು ಡಾಕ್ಟರ ಹತ್ರ ಕಳಿಸ್ತೀನಿ.”

“ಮತ್ತೆ ಆ ಸಿಟ್ಟು?” ತಕ್ಕಡಿ ಕೇಳಿದ. ಈ ಒಂದು ಮಾತು ಕೇಳಲಿಕ್ಕೇ ಅವನು ಗೋಡೆಯಿಂದ ಚೀಟಿ ಕಿತ್ತು ತಂದದ್ದು. “ಅದು ಪೆಟ್ಟಿಂದಾ, ಇವರದಾ?”

ಡಾಕ್ಟರಮ್ಮ ಪರದೆಯಿಂದ ಇವನ ಕಡೆ ತಿರುಗಿದರು. “ಪೆಟ್ಟಿನ ಪಾಲು ಖಂಡಿತ ಇದೆ. ದೊಡ್ಡದೇ ಇದೆ. ಇಷ್ಟೇ ಅಂತ ಹೇಳೋಕೆ ನಮಗಿನ್ನೂ ಬರಲ್ಲಪ್ಪ. ಅದಕ್ಕೇ ಇವರಂಥವರು ಬೇಕಾಗಿರೋದು.”

ಬಸ್ ನಿಲ್ದಾಣದಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ದೊಡ್ಡದೇ ಇದೆ. ಆ ಮಾತನ್ನು ತಕ್ಕಡಿ ಒಳಗೊಳಗೇ ಮತ್ತೆ ಮತ್ತೆ ಹೇಳಿಕೊಂಡ. ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗೆ, ಇಳಿಸುವಾಗ ಒಂದು ಮೂಲೆ ಅಲ್ಲೇ ಉಳಿಸಿದ ಹಾಗೆ.

“ಶಾಲೇಲಿ ಅವತ್ತು,” ಅಂದ ಅಪ್ಪ.

ತಕ್ಕಡಿ ತಿರುಗಿದ. “ನಿಮಗೆ ನೆನಪಿದೆಯಾ?”

“ಹದಿನೈದರಲ್ಲಿ ಆರು ನೆನಪಿರೋ ತಲೆ. ಅದೊಂದನ್ನ ಮಾತ್ರ ಬಿಡಲಿಲ್ಲ ನೋಡು.” ಅಪ್ಪ ರಸ್ತೆಯ ಕಡೆಗೇ ನೋಡುತ್ತಿದ್ದ. “ಗಂಟೆ ಬಡೀತು. ಕೈ ಹೋಯ್ತು. ಅದು ಪೆಟ್ಟಿನ ಪಾಲು ಅಂತಿಟ್ಕೋ. ಆದ್ರೆ ಮಾರನೇ ದಿನ ನೀನು ಚೀಲ ಹಾಕ್ಕೊಂಡು ಹೋಗಿ ವಾಪಸ್ ಬಂದೆಯಲ್ಲ, ಆಗ ಯಾವ ಗಂಟೆನೂ ಬಡೀಲಿಲ್ಲ. ನಾನು ಬಾಗಿಲಲ್ಲೇ ಇದ್ದೆ. ಬಾ, ಇಬ್ಬರೂ ಹೋಗಿ ಮೇಷ್ಟ್ರ ಹತ್ರ ಮಾತಾಡೋಣ ಅನ್ನಬೇಕಿತ್ತು. ಅನ್ನಲಿಲ್ಲ. ನಾಚಿಕೆ ಆಯ್ತು. ಅದು ನಂದೇ ಪಾಲು. ಅದನ್ನ ಯಾವ ಪೆಟ್ಟಿನ ಮೇಲೂ ಹಾಕಲ್ಲ. ತಪ್ಪಾಯ್ತು ಮಗಾ.”

ಬಸ್ಸು ಬಂತು. ನಿಂತಿತು. ಕಂಡಕ್ಟರ್ ಇವರಿಬ್ಬರನ್ನು ನೋಡಿ, “ಬರ್ತೀರೇನ್ರೀ?” ಅಂದ. ಇಬ್ಬರೂ ಏಳಲಿಲ್ಲ. ಬಸ್ಸು ಹೋಯಿತು.

ತಕ್ಕಡಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ಇನ್ನೊಂದು ಬಸ್ಸು ಅರ್ಧ ಗಂಟೆ ಬಿಟ್ಟು,” ಅಂದ.

“ಬರ್ಲಿ. ಏನು ಅವಸರ?”

ಜೇಬಿನಲ್ಲಿ ಫೋನು ಗುರುಗುಟ್ಟಿತು. ಅಮ್ಮ. “ಏನೋ ಆಯ್ತು? ಏನಂದ್ರು?”

“ಫೇಲ್ ಅಮ್ಮಾ.”

“ನಿಜವಾಗ್ಲೂ?”

“ನಿಜವಾಗ್ಲೂ ಫೇಲು. ಔಷಧಿ ಕೊಡ್ತಾರಂತೆ. ಕಿವಿಗೆ ಯಂತ್ರ. ದಿನೇ ದಿನೇ ಹೆಚ್ಚೋ ಕಾಯಿಲೆ ಥರ ಕಾಣ್ತಿಲ್ಲವಂತೆ.”

“ಅಬ್ಬಾ!” ಅಮ್ಮ ಕೂತ ಸದ್ದು ಫೋನಿನಲ್ಲೂ ಕೇಳಿಸಿತು. “ಅತ್ತೇ, ಫೇಲಂತೆ! ನಮ್ಮೋರು ಫೇಲಾದ್ರಂತೆ!”

“ಎಷ್ಟು ಬಂತಂತೆ?” ಹಿಂದಿನಿಂದ ಅಜ್ಜಿಯ ಗಂಟಲು.

“ಹದಿನೈದಕ್ಕೆ ಆರು, ಅಜ್ಜೀ.”



“ಆರಾ? ಯಾರೂ ಹೇಳಿಕೊಡದೇ ಆರಾ?” ಅಜ್ಜಿಯ ದನಿ ಬೀದಿಗೇ ಕೇಳುವಂತಿತ್ತು. “ನೋಡಿದ್ಯೇನೇ, ನನ್ನ ಮಗ ದಡ್ಡ ಅಲ್ಲ ಅಂತ ನಾನು ಅವತ್ತಿಂದ ಬಡ್ಕೊಳ್ತಿಲ್ವಾ!”

ಅಪ್ಪನಿಗೆ ಅಷ್ಟೂ ಕೇಳಿಸಿತು. ಅರ್ಧ ಕಿವಿಯಲ್ಲೇ ಕೇಳಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.